ಶಾಲೆ ಎಂದರೆ ಹೊಟ್ಟೆನೋವು: ಕಾಯಬೇಕೇ, ಮಾತ್ರೆ ಕೊಡಬೇಕೇ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಏಳನೆಯ ತರಗತಿಯವರೆಗೆ ಮನೆ ಹತ್ತಿರದ ಕನ್ನಡ ಮಾಧ್ಯಮದ ಹಿರಿಯ ಪ್ರಾಥಮಿಕ (ಯು.ಪಿ.) ಶಾಲೆಗೆ ನಡೆದುಕೊಂಡು ಹೋಗುತ್ತಿದ್ದಳು, ಕಲಿಯುವುದರಲ್ಲಿ ಮುಂದೆ ಇದ್ದಳು. ಈ ಜೂನ್‌ನಿಂದ ಎಂಟನೆಯ ತರಗತಿಗೆ ಬಸ್ಸಿನಲ್ಲಿ ಪೇಟೆಯ ಹೈಸ್ಕೂಲಿಗೆ. ಅಲ್ಲಿ ಕನ್ನಡ ಡಿವಿಷನ್ ಇದ್ದರೂ ಒಂದೆರಡು ವಿಷಯಗಳ ಪಾಠ ಮಲಯಾಳದಲ್ಲೇ ನಡೆಯುತ್ತದೆ. ಓಣಂ ರಜೆ ಮುಗಿದಂದಿನಿಂದ ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆನೋವು, ವಾಂತಿ ಬಂದ ಹಾಗೆ ಆಗುವುದು. ಐದು ವಾರಗಳಿಂದ ಶಾಲೆಗೆ ಹೋಗಿಲ್ಲ. ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲ ಸರಿಯಿದೆ. ಹತ್ತು ಗಂಟೆ ಕಳೆದರೆ ನೋವಿಲ್ಲ, ಭಾನುವಾರವೂ ಇಲ್ಲ. ಶಾಲೆಯ ಕೌನ್ಸಿಲರ್ ಮಲಯಾಳದಲ್ಲಿ ಮಾತನಾಡಿಸಿದರು, ಇವಳು ಬಾಯಿ ಬಿಡಲಿಲ್ಲ. ಮನೆಯಲ್ಲಿ ನಾವು ತುಳು ಮಾತನಾಡುವುದು. ಮಂಗಳೂರಿನ ಮನೋವೈದ್ಯರು ಆತಂಕದ ಕಾಯಿಲೆ ಎಂದು ಹೇಳಿ ಸರ್ಟ್ರಲೀನ್ 25 ಮಿಲಿಗ್ರಾಂ ಬರೆದಿದ್ದಾರೆ, ಥೆರಪಿಗೂ ಬರಲು ಹೇಳಿದ್ದಾರೆ. ಮಾತ್ರೆ ಇನ್ನೂ ಕೊಟ್ಟಿಲ್ಲ. ಅವಳ ಅಪ್ಪ ಗಲ್ಫಿನಲ್ಲಿದ್ದಾರೆ. ಅತ್ತೆ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿ ನೂಲು ಕಟ್ಟಿಸಿದರು. ಕ್ಲಾಸ್ ಟೀಚರ್ ಇದು ಬರೀ ಉದಾಸೀನ ಎನ್ನುತ್ತಾರೆ. ಇದು ನಾಟಕವೇ? ಮಾತ್ರೆ ಕೊಡಬಹುದೇ? ಈ ವರ್ಷ ಮನೆಯಲ್ಲೇ ಟ್ಯೂಷನ್ ಕೊಡಿಸಿ, ಮುಂದಿನ ಜೂನ್‌ನಲ್ಲಿ ಬೇರೆ ಶಾಲೆಗೆ ಸೇರಿಸಿದರೆ ಆಗದೇ?
ಒಬ್ಬ ತಾಯಿ, ಬದಿಯಡ್ಕ ಸಮೀಪ (ಕೇರಳದ ಕಾಸರಗೋಡು ಜಿಲ್ಲೆ)

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದ್ದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ತಡಮಾಡುವಂತಿಲ್ಲ. ಮುಂದಿನ ಜೂನ್‌ವರೆಗೆ ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಶಾಲೆ ಬದಲಿಸುವ ಅಗತ್ಯ ಬಿದ್ದರೆ ಆ ವಿಚಾರವನ್ನು ಆಮೇಲೆ ಮಾಡೋಣ. ಆದರೆ ಈಗಿನ ಶಾಲೆಗೆ, ಒಂದು ಪಿರಿಯಡ್‌ನ ಮಟ್ಟಿಗಾದರೂ, ಅವಳು ಈ ತಿಂಗಳೊಳಗೆ ಮರಳಿ ಕಾಲಿಡಬೇಕು. ಭಯ ಪೂರ್ತಿ ಹೋದ ಮೇಲೆ ಶಾಲೆಗೆ ಕಳುಹಿಸೋಣ ಎಂಬ ಯೋಚನೆ ಪ್ರೀತಿಯಿಂದಲೇ ಹುಟ್ಟುತ್ತದೆ, ಆದರೂ ಅದು ಮಗುವನ್ನು ಇನ್ನಷ್ಟು ಕಟ್ಟಿಹಾಕುತ್ತದೆ, ಏಕೆಂದರೆ ಈ ಭಯ ಮನೆಯಲ್ಲಿ ಕುಳಿತು ಇಳಿಯುವಂಥದ್ದಲ್ಲ.

ಕಾರಣ ಹೀಗಿದೆ. ಬೆಳಗ್ಗೆ ಏಳು ಗಂಟೆಗೆ ಯೂನಿಫಾರ್ಮ್ ಕಣ್ಣಿಗೆ ಬಿದ್ದಾಗ ಆತಂಕ ಏರುತ್ತದೆ, ಅದರೊಂದಿಗೆ ಹೊಟ್ಟೆ ಹಿಂಡುತ್ತದೆ. 'ಇವತ್ತು ಬೇಡ ಬಿಡು' ಎಂದು ನೀವು ಹೇಳಿದ ಕ್ಷಣವೇ ಅದು ಸರ್ರನೆ ಇಳಿಯುತ್ತದೆ. ಆ ಇಳಿತದ ಸುಖ ಎಷ್ಟು ಬಲವಾದದ್ದೆಂದರೆ, ಮಗುವಿನ ಮಿದುಳು ಅದರಿಂದ ಒಂದು ಪಾಠ ಕಲಿತುಬಿಡುತ್ತದೆ: ಶಾಲೆ ಅಪಾಯದ ಜಾಗ, ಮನೆಯಲ್ಲಿ ಉಳಿದದ್ದರಿಂದ ನಾನು ಪಾರಾದೆ. ಮರುದಿನ ಅದೇ ಭಯ ಇನ್ನೂ ಬೇಗ, ಇನ್ನೂ ಜೋರಾಗಿ ಬರುತ್ತದೆ. ಇದರ ಜೊತೆಗೆ ಪಾಠಗಳು ಬಾಕಿಯಾಗುತ್ತವೆ, ಗೆಳತಿಯರು ಬೇರೆ ಜೊತೆ ಹುಡುಕಿಕೊಳ್ಳುತ್ತಾರೆ, 'ಇಷ್ಟು ದಿನ ಎಲ್ಲಿದ್ದೆ' ಎಂಬ ಪ್ರಶ್ನೆಗೆ ಏನು ಹೇಳುವುದೆಂಬ ಹೊಸ ಅಂಜಿಕೆ ಸೇರಿಕೊಳ್ಳುತ್ತದೆ. ಮೊದಲ ವಾರದಲ್ಲಿ ಇದ್ದ ಕಾರಣಕ್ಕಿಂತ ಐದನೆಯ ವಾರದ ಕಾರಣಗಳು ಹೆಚ್ಚಿರುತ್ತವೆ ಎಂಬುದನ್ನು ದಯವಿಟ್ಟು ಮನಸ್ಸಿನಲ್ಲಿಡಿ.

ಇನ್ನು ನಾಟಕದ ಮಾತು. ನೋವು ನಿಜ. ಕರುಳಿಗೂ ಮಿದುಳಿಗೂ ದಟ್ಟವಾದ ನರಸಂಪರ್ಕವಿದೆ; ಆತಂಕದ ಹೊತ್ತಿನಲ್ಲಿ ಕರುಳಿನ ಚಲನೆ ಬದಲಾಗುತ್ತದೆ, ಅದರ ಸೂಕ್ಷ್ಮತೆ ಹೆಚ್ಚುತ್ತದೆ, ಎಂದಿನ ಚಲನೆಯೇ ನೋವಾಗಿ ಅನುಭವಕ್ಕೆ ಬರುತ್ತದೆ. ಇದು ಸ್ಕ್ಯಾನಿಂಗ್‌ನಲ್ಲಿ ಕಾಣಿಸುವುದಿಲ್ಲ. ಶಾಲೆಯ ದಿನ ಬೆಳಗ್ಗೆ ಬಂದು, ಶಾಲೆಯ ಹೊತ್ತು ಮೀರಿದ ಮೇಲೆ ಮಾಯವಾಗಿ, ಭಾನುವಾರ ಸುಳಿಯದ ನೋವನ್ನು ಕಂಡು ಮನೆಯವರು 'ಹಾಗಾದರೆ ಸುಳ್ಳು' ಎಂದುಕೊಳ್ಳುತ್ತಾರೆ. ನಾವು ವೈದ್ಯರು ಅದೇ ಲಕ್ಷಣದಿಂದ ಆತಂಕವನ್ನು ಗುರುತಿಸುತ್ತೇವೆ. ಆದರೂ ದೇಹದ ಕಡೆ ಒಂದು ಕಣ್ಣಿರಲಿ: ತೂಕ ಇಳಿಯುತ್ತಿದ್ದರೆ, ನೋವಿನಿಂದ ರಾತ್ರಿ ನಿದ್ದೆಯಿಂದ ಎಚ್ಚರವಾಗುತ್ತಿದ್ದರೆ, ಮಲದಲ್ಲಿ ರಕ್ತ, ಬಿಡದ ಜ್ವರ ಅಥವಾ ಮತ್ತೆ ಮತ್ತೆ ನಿಜವಾದ ವಾಂತಿ ಇದ್ದರೆ ಮಕ್ಕಳ ತಜ್ಞರನ್ನು ಇನ್ನೊಮ್ಮೆ ಕಾಣಲೇಬೇಕು. ನೀವು ಬರೆದದ್ದರಲ್ಲಿ ಇವು ಯಾವುವೂ ಇಲ್ಲ. ಹಾಗಾಗಿ ಇನ್ನೊಂದು ಸ್ಕ್ಯಾನಿಂಗ್ ಮಾಡಿಸುವುದು ಬೇಡ. ಪ್ರತಿ ಹೊಸ ಪರೀಕ್ಷೆಯೂ ಹೊಟ್ಟೆಯೊಳಗೆ ಏನೋ ಇದೆಯೆಂಬ ಅನುಮಾನವನ್ನು ಮಗುವಿನಲ್ಲಿ ಗಟ್ಟಿ ಮಾಡುತ್ತದೆ.

ಕ್ಲಾಸ್ ಟೀಚರಿಗೆ ಉದಾಸೀನವಾಗಿ ಕಂಡದ್ದು ನಿಮಗೆ ಸಂಕಟವಾಗಿ ಕಾಣುತ್ತಿದೆ. ಇದರಲ್ಲಿ ಯಾರನ್ನೂ ದೂರಬೇಕಾಗಿಲ್ಲ. 1987ರಲ್ಲಿ ಅಖೆನ್‌ಬಾಖ್ ಮತ್ತು ಸಂಗಡಿಗರು ಮಕ್ಕಳ ಮನಸ್ಸಿನ ತೊಂದರೆಗಳ ಕುರಿತ 119 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಂದೇ ಮಗುವಿನ ಬಗ್ಗೆ ತಂದೆ ಮತ್ತು ತಾಯಿ ಕೊಟ್ಟ ವರದಿಗಳು ಸಾಕಷ್ಟು ಹೊಂದುತ್ತಿದ್ದವು. ಮನೆಯವರು ಮತ್ತು ಅಧ್ಯಾಪಕರಂತೆ ಬೇರೆ ಬೇರೆ ಪಾತ್ರದಲ್ಲಿರುವವರ ವರದಿಗಳ ನಡುವಿನ ಹೊಂದಾಣಿಕೆ ಸರಾಸರಿ 0.28ರಷ್ಟು ಮಾತ್ರ ಇತ್ತು. ಮಗು ತನ್ನ ಬಗ್ಗೆ ಹೇಳಿದ್ದಕ್ಕೂ ದೊಡ್ಡವರು ಹೇಳಿದ್ದಕ್ಕೂ ನಡುವಿನ ಹೊಂದಾಣಿಕೆ 0.22ಕ್ಕೆ ಇಳಿದಿತ್ತು. ಪೂರ್ತಿ ಹೊಂದಿದರೆ ಈ ಅಂಕಿ 1 ಇರುತ್ತದೆ. ಮಕ್ಕಳು ಒಂದೊಂದು ಜಾಗದಲ್ಲಿ ಒಂದೊಂದು ರೀತಿ ಇರುತ್ತಾರೆ, ನೋಡುವವರೂ ತಮ್ಮ ಜಾಗದಿಂದ ಕಂಡಷ್ಟನ್ನೇ ಹೇಳುತ್ತಾರೆ. ಮನೆಯವರು, ಶಾಲೆಯವರು, ಮಗು ಮೂವರನ್ನೂ ಕೇಳದೆ ಮಕ್ಕಳ ಮನೋವೈದ್ಯರು ತೀರ್ಮಾನಕ್ಕೆ ಬರಬಾರದು ಎನ್ನುವುದು ಇದಕ್ಕೇ. ನಿಮ್ಮ ಮಗಳ ವಿಷಯದಲ್ಲಿ ಮೂವರಲ್ಲಿ ಒಬ್ಬರ ಮಾತು ಇನ್ನೂ ಕೇಳಿಲ್ಲ, ಮತ್ತು ಅದು ಅವಳದೇ ಮಾತು.

ಅವಳು ಕೌನ್ಸಿಲರ್ ಮುಂದೆ ಬಾಯಿ ಬಿಡದಿದ್ದುದನ್ನು ಹಟವೆಂದು ಎಣಿಸಬೇಡಿ. ಎದೆಯ ಭಯವನ್ನು ಹೇಳಿಕೊಳ್ಳುವುದು ದೊಡ್ಡವರಿಗೂ ಕಷ್ಟ. ಅದನ್ನು ತಾನು ಎಡವುತ್ತೇನೆಂದು ಹೆದರುವ ಭಾಷೆಯಲ್ಲೇ ಹೇಳೆಂದರೆ ಹದಿಮೂರರ ಹುಡುಗಿ ಮೌನವಾಗುವುದು ಸಹಜ. ನಮ್ಮ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಮಗು ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕವೋ ಬ್ಯಾರಿಯೋ ಆಡುತ್ತದೆ, ಕನ್ನಡದಲ್ಲಿ ಓದುತ್ತದೆ, ಮಲಯಾಳದಲ್ಲಿ ವ್ಯವಹರಿಸುತ್ತದೆ. ಇಂಥ ಮಗುವಿನ ಮನಸ್ಸನ್ನು ಮೂರನೆಯ ಭಾಷೆಯಲ್ಲಿ ಪರೀಕ್ಷಿಸಿ, 'ಸಹಕರಿಸುವುದಿಲ್ಲ' ಎಂದೋ 'ಬುದ್ಧಿ ಸಾಲದು' ಎಂದೋ ಬರೆದುಬಿಡುವುದು ಗಂಭೀರ ತಪ್ಪೆಂದು ನಾನು ನಂಬಿದ್ದೇನೆ. ಮಗಳನ್ನು ಮಾತನಾಡಿಸುವವರು ತುಳು ಅಥವಾ ಕನ್ನಡ ಬಲ್ಲವರಾಗಿರಬೇಕೆಂದು ನೀವು ಸಂಕೋಚವಿಲ್ಲದೆ ಕೇಳಿ. ಮಂಗಳೂರಿನ ಕಡೆ ಅದು ಕಷ್ಟವಾಗಲಾರದು. ಆತಂಕವನ್ನು ಅಳೆಯಲು ಬಳಸುವ 'ಸ್ಕೇರ್ಡ್' ಎಂಬ 41 ಹೇಳಿಕೆಗಳ ಪ್ರಶ್ನಾವಳಿ ಇದೆ. ಮಗು ತುಂಬುವ ಪ್ರತಿ ಬೇರೆ, ಹೆತ್ತವರು ತುಂಬುವ ಪ್ರತಿ ಬೇರೆ. ಅದನ್ನು ಕೊಟ್ಟರೆ ಎರಡನ್ನೂ ತುಂಬಿಸಿ, ಮತ್ತು ಅವಳ ಪ್ರತಿಯನ್ನು ಅವಳೇ ತುಂಬಲಿ.

ಮನೆಯಲ್ಲಿ ಕೇಳುವುದಾದರೆ ಬೆಳಗಿನ ಹೊತ್ತು ಕೇಳಬೇಡಿ. ಸಂಜೆ ಅಂಗಳದಲ್ಲಿ ಅಡಿಕೆ ಸುಲಿಯುವಾಗಲೋ ಬಟ್ಟೆ ಮಡಚುವಾಗಲೋ, ಮುಖಕ್ಕೆ ಮುಖ ಕೊಡದೆ ಪಕ್ಕದಲ್ಲಿ ಕುಳಿತು ಕೇಳಿದರೆ ಈ ವಯಸ್ಸಿನವರು ಹೆಚ್ಚು ಮಾತನಾಡುತ್ತಾರೆ. 'ಯಾಕೆ ಹೋಗುವುದಿಲ್ಲ' ಎಂಬ ಪ್ರಶ್ನೆಗೆ ಅವಳಲ್ಲೂ ಉತ್ತರವಿರಲಿಕ್ಕಿಲ್ಲ. ಬದಲಿಗೆ ದಿನವನ್ನು ತುಂಡು ತುಂಡು ಮಾಡಿ ಕೇಳಿ: ಬಸ್ಸು ಹತ್ತುವಾಗ ಹೇಗಾಗುತ್ತದೆ, ಬಸ್ಸಿನೊಳಗೆ ಯಾರಿರುತ್ತಾರೆ, ಗೇಟಿನ ಬಳಿ, ಅಸೆಂಬ್ಲಿಯಲ್ಲಿ, ಪ್ರತಿಯೊಂದು ಪಿರಿಯಡ್‌ನಲ್ಲಿ, ಊಟದ ಹೊತ್ತಿನಲ್ಲಿ, ಟಾಯ್ಲೆಟ್‌ಗೆ ಹೋಗಬೇಕಾದಾಗ ಹೇಗಾಗುತ್ತದೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರೊಳಗೆ ಭಯದ ಅಂಕ ಕೊಡಲು ಹೇಳಿ, ಕಾಗದದಲ್ಲಿ ಬರೆದುಕೊಳ್ಳಿ. ಅಸೆಂಬ್ಲಿಗೆ ಎರಡು, ಸಮಾಜ ವಿಜ್ಞಾನದ ಪಿರಿಯಡ್‌ಗೆ ಒಂಬತ್ತು ಎಂದು ಬಂದರೆ 'ಶಾಲೆಯ ಭಯ' ಎಂಬ ದೊಡ್ಡ ಮುದ್ದೆಯೊಳಗೆ ನಿಜವಾಗಿ ಏನಿದೆಯೆಂಬುದು ಅಲ್ಲೇ ಕಾಣಿಸುತ್ತದೆ.

ಹೀಗೆ ಬಿಡಿಸಿ ನೋಡುವ ಪದ್ಧತಿ ಬೆಳೆದುಬಂದದ್ದು ನಿಧಾನವಾಗಿ. 1941ರಲ್ಲಿ ಅಡಿಲೇಡ್ ಜಾನ್ಸನ್ ಮತ್ತು ಸಂಗಡಿಗರು ಇದನ್ನು 'ಶಾಲಾಭೀತಿ' ಎಂದು ಕರೆದು ತಾಯಿ ಮತ್ತು ಮಗುವಿನ ಅಗಲಿಕೆಯ ಆತಂಕದಲ್ಲಿ ಅದರ ಮೂಲವನ್ನು ಹುಡುಕಿದರು. ಆ ವಿವರಣೆ ತಾಯಂದಿರ ತಲೆಯ ಮೇಲೆ ಅನ್ಯಾಯವಾಗಿ ಬಹಳ ಹೊರೆ ಹೊರಿಸಿತು. ಮುಂದೆ ಕಿಯರ್ನಿ ಮತ್ತು ಸಿಲ್ವರ್‌ಮನ್, ಮಗು ಶಾಲೆ ತಪ್ಪಿಸುವುದರಿಂದ ಅದಕ್ಕೆ ಏನು ಒದಗುತ್ತದೆ ಎಂದು ನೋಡಬೇಕೆಂದರು: ಶಾಲೆಯಲ್ಲಿ ಆಗುವ ಅವ್ಯಕ್ತ ಕಳವಳದಿಂದ ಪಾರಾಗುವುದು, ಎಲ್ಲರೆದುರು ತೂಗಿನೋಡುವ ಸಂದರ್ಭಗಳಿಂದ ಪಾರಾಗುವುದು, ಮನೆಯವರ ಗಮನ ಸಿಗುವುದು, ಅಥವಾ ಮನೆಯಲ್ಲಿ ಫೋನು, ಟಿ.ವಿ.ಯಂಥ ಸುಖ ಸಿಗುವುದು. ಒಂದೇ ಮಗುವಿನಲ್ಲಿ ಎರಡು ಮೂರು ಸೇರಿರಬಹುದು. ನಿಮ್ಮ ಪತ್ರ ಓದಿದರೆ ಎರಡನೆಯದ್ದು ಮುಖ್ಯವೆನಿಸುತ್ತದೆ, ಆದರೆ ಇದು ಪತ್ರದಿಂದ ಮಾಡಿದ ಊಹೆ ಮಾತ್ರ. ಅವಳನ್ನು ಕಂಡ ವೈದ್ಯರ ಮಾತಿಗೆ ಹೆಚ್ಚು ತೂಕವಿದೆ.

ಎರಡನೆಯದ್ದೇ ಆಗಿದ್ದರೆ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಅರ್ಥವಾಗದ ಭಾಷೆಯಲ್ಲಿ ಪಾಠ ನಡೆಯುವುದು ಮಗುವಿನ ಮನಸ್ಸಿನೊಳಗಿನ ತೊಂದರೆಯಲ್ಲ. ಕನ್ನಡ ಡಿವಿಷನ್‌ಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದ್ದಕ್ಕೆ ಕಾಸರಗೋಡಿನಲ್ಲಿ ಹೆತ್ತವರೂ ಮಕ್ಕಳೂ ಪ್ರತಿಭಟನೆ ಮಾಡಿದ್ದು ನಿಮಗೂ ಗೊತ್ತಿದೆ. ಆ ಕೊರತೆಯನ್ನು ಹಾಗೆಯೇ ಬಿಟ್ಟು ಹುಡುಗಿಗೆ ಮಾತ್ರ ಧೈರ್ಯ ಹೇಳುವ ಚಿಕಿತ್ಸೆ ಅರ್ಧ ಚಿಕಿತ್ಸೆ. ಮುಖ್ಯೋಪಾಧ್ಯಾಯರನ್ನು ನೀವು ಖುದ್ದಾಗಿ ಕಂಡು ಎರಡು ಸಣ್ಣ ಬೇಡಿಕೆಗಳನ್ನು ಇಡಿ. ಆ ವಿಷಯಗಳ ನೋಟ್ಸ್ ಕನ್ನಡದಲ್ಲಿ ಸಿಗುವ ವ್ಯವಸ್ಥೆಯಾಗಲಿ, ಮತ್ತು ಮರಳಿದ ಮೊದಲ ಒಂದು ತಿಂಗಳು ಅವಳನ್ನು ಎದ್ದುನಿಂತು ಓದಲು ಅಥವಾ ಉತ್ತರಿಸಲು ಹೇಳದಿರಲಿ. ಎರಡನೆಯ ವಿನಾಯಿತಿ ತಾತ್ಕಾಲಿಕವೆಂದೂ, ಕ್ರಮೇಣ ಅದನ್ನು ನಾವೇ ತೆಗೆಯುತ್ತೇವೆಂದೂ ಹೇಳಿದರೆ ಅಧ್ಯಾಪಕರು ಒಪ್ಪುವುದು ಸುಲಭವಾಗುತ್ತದೆ. ವೈದ್ಯರಿಂದ ಒಂದು ಸಣ್ಣ ಪತ್ರ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಅದರಲ್ಲಿ ರೋಗದ ಹೆಸರು ಇರಬೇಕೆಂದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ.

ಶಾಲೆಗೆ ಮರಳುವ ಕ್ರಮವನ್ನು ವೈದ್ಯರೊಂದಿಗೆ ಮತ್ತು ಮಗಳೊಂದಿಗೆ ಕುಳಿತು ನಿರ್ಧರಿಸಿ. ಸಾಮಾನ್ಯವಾಗಿ ನಾವು ಹೀಗೆ ಮಾಡುತ್ತೇವೆ. ಮೊದಲ ಕೆಲವು ದಿನ ಶಾಲೆಯ ಮಾತಿಲ್ಲ, ದಿನಚರಿ ಮಾತ್ರ ಮರಳುತ್ತದೆ: ಆರೂವರೆಗೆ ಏಳುವುದು, ಸ್ನಾನ, ತಿಂಡಿ, ಹತ್ತರಿಂದ ನಾಲ್ಕರವರೆಗೆ ಪುಸ್ತಕ, ಆ ಹೊತ್ತಿನಲ್ಲಿ ಫೋನಿಲ್ಲ, ಟಿ.ವಿ. ಇಲ್ಲ, ಹಗಲು ಮಲಗುವುದಿಲ್ಲ. ಆಮೇಲೆ ಒಂದು ಶನಿವಾರ ಯೂನಿಫಾರ್ಮ್ ತೊಟ್ಟು ನಿಮ್ಮೊಂದಿಗೆ ಬಸ್ಸಿನಲ್ಲಿ ಹೋಗಿ, ಖಾಲಿ ಶಾಲೆಯ ವರಾಂಡದಲ್ಲಿ ಸ್ವಲ್ಪ ಹೊತ್ತು ಕುಳಿತು ಬರುವುದು. ಮುಂದಿನ ವಾರ ಅವಳಿಗೆ ಇಷ್ಟವಾದ ಒಬ್ಬ ಅಧ್ಯಾಪಕಿಯೊಂದಿಗೆ ಲೈಬ್ರರಿಯಲ್ಲಿ ಒಂದು ಪಿರಿಯಡ್, ಅದು ಒಗ್ಗಿದಾಗ ತರಗತಿಯಲ್ಲಿ ಕನ್ನಡದ ಪಿರಿಯಡ್, ಪಕ್ಕದಲ್ಲಿ ಹಳೆಯ ಶಾಲೆಯ ಗೆಳತಿ, ಆಮೇಲೆ ಮಧ್ಯಾಹ್ನದವರೆಗೆ, ಒಂಬತ್ತು ಅಂಕ ಕೊಟ್ಟ ಪಿರಿಯಡ್ ಎಲ್ಲಕ್ಕಿಂತ ಕೊನೆಗೆ. ಮೆಟ್ಟಿಲು ಎಷ್ಟು ಸಣ್ಣದಾದರೂ ಆಗಬಹುದು, ಆದರೆ ದಿನವೂ ಇರಬೇಕು, ಮತ್ತು ಒಮ್ಮೆ ಹತ್ತಿದ ಮೆಟ್ಟಿಲಿನಿಂದ ನೋವಿನ ಕಾರಣಕ್ಕೆ ಇಳಿಯಬಾರದು.

ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಕಷ್ಟವೂ ಹೌದು. ಶಾಲೆಯಲ್ಲಿ ಹೊಟ್ಟೆನೋವು ಬರುತ್ತದೆ, ಬಂದೇ ಬರುತ್ತದೆ. ಆಗ ಮನೆಗೆ ಫೋನ್ ಮಾಡಿ ಕರೆಸಿಕೊಳ್ಳುವುದರ ಬದಲು, ಸ್ಟಾಫ್‌ರೂಮಿನ ಪಕ್ಕದಲ್ಲಿ ಹತ್ತು ನಿಮಿಷ ಕುಳಿತು, ನೀರು ಕುಡಿದು, ಉಸಿರನ್ನು ನಿಧಾನ ಮಾಡಿಕೊಂಡು ತರಗತಿಗೆ ಮರಳಬೇಕು ಎಂದು ಮೊದಲೇ ಮಾತಾಗಿರಲಿ. ಆತಂಕವು ತಾನಾಗಿಯೇ ಏರಿ, ತಾನಾಗಿಯೇ ಇಳಿಯುತ್ತದೆ ಎಂಬುದನ್ನು ಅವಳ ದೇಹವೇ ಕಂಡುಕೊಳ್ಳಬೇಕು. ನಾವು ಬಾಯಲ್ಲಿ ಎಷ್ಟು ಹೇಳಿದರೂ ಸಾಲದು. ಮನೆಯಲ್ಲಿಯೂ ಬೆಳಗ್ಗೆ 'ಈಗ ಹೇಗಿದೆ, ಎಷ್ಟು ನೋವಿದೆ' ಎಂದು ಮತ್ತೆ ಮತ್ತೆ ವಿಚಾರಿಸಬೇಡಿ. 'ನೋವಾಗುತ್ತಿದೆ ಎಂದು ನನಗೆ ಗೊತ್ತು, ನೋವಿದ್ದರೂ ನಿನಗೆ ಆಗುತ್ತದೆ ಎಂಬುದೂ ಗೊತ್ತು' ಎಂದಷ್ಟೇ ಹೇಳಿ ಟಿಫಿನ್ ಡಬ್ಬಿ ಕೈಗಿಡಿ. ಅಜ್ಜಿಯ ಕಷಾಯ, ಹೊಟ್ಟೆಗೆ ಎಣ್ಣೆ ಸವರುವುದು ಇವೆಲ್ಲ ಸಂಜೆ ಶಾಲೆಯಿಂದ ಬಂದ ಮೇಲೆ ಇರಲಿ. ನೂಲು ಕಟ್ಟಿಸಿದ್ದರಿಂದ ತೊಂದರೆಯಿಲ್ಲ. ಅತ್ತೆಯವರಿಗೆ ಅದರಿಂದ ಸಮಾಧಾನವಾಗಿದ್ದರೆ, 'ಈಗ ನೂಲೂ ಇದೆ, ಶಾಲೆಗೂ ಹೋಗು' ಎಂದು ಅವರಿಂದಲೇ ಹೇಳಿಸಿ. ಮನೆಯಲ್ಲಿ ಎಲ್ಲರ ಮಾತೂ ಒಂದೇ ಆಗಿರುವುದರಲ್ಲಿ ದೊಡ್ಡ ಬಲವಿದೆ.

ಅವಳು ಥೆರಪಿಗೆ ಬರಲು ಒಪ್ಪದಿದ್ದರೆ ಏನು ಗತಿ ಎಂಬ ಚಿಂತೆ ನಿಮಗೆ ಬರಬಹುದು. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಮತ್ತು ಸಂಗಡಿಗರು ಆತಂಕದ ಕಾಯಿಲೆಯಿರುವ 7ರಿಂದ 14 ವರ್ಷದ 124 ಮಕ್ಕಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗುಂಪಿನ ಮಕ್ಕಳಿಗೆ ನೇರ ಥೆರಪಿ ಕೊಟ್ಟರು. ಇನ್ನೊಂದು ಗುಂಪಿನಲ್ಲಿ ಮಕ್ಕಳನ್ನು ಕರೆಯದೆ ಹೆತ್ತವರಿಗೆ ಮಾತ್ರ ತರಬೇತಿ ಕೊಟ್ಟರು. ಭಯಕ್ಕೆ ಮಣಿದು ಮನೆಯವರು ಮಾಡಿಕೊಡುವ ಅನುಕೂಲಗಳನ್ನು ಒಂದೊಂದಾಗಿ ಕಡಿಮೆ ಮಾಡುವುದು, ಮಗುವಿನ ಸಾಮರ್ಥ್ಯದಲ್ಲಿ ನಂಬಿಕೆಯನ್ನು ಮಾತಿನಲ್ಲಿ ತೋರಿಸುವುದು ಆ ತರಬೇತಿಯ ತಿರುಳು. ಎರಡನೆಯ ಗುಂಪಿನ ಫಲ ಮೊದಲನೆಯದಕ್ಕಿಂತ ಕೀಳಾಗಿರಲಿಲ್ಲ. ಆದ್ದರಿಂದ ಮಗಳು ಬರದ ದಿನವೂ ನೀವು ಹೋಗಿ. ಅವಳ ತಂದೆ ಗಲ್ಫಿನಿಂದ ವೀಡಿಯೊ ಕರೆಯಲ್ಲಿ ಆ ಮಾತುಕತೆಗೆ ಸೇರಿಕೊಳ್ಳಲಿ. ದೂರದಲ್ಲಿರುವವರು ಫೋನಿನಲ್ಲಿ ಒಂದು ದಿನ ಗದರಿಸಿ, ಇನ್ನೊಂದು ದಿನ 'ಬೇಡ ಬಿಡು, ಪಾಪ' ಎನ್ನುವುದರಿಂದ ಮನೆಯಲ್ಲಿ ಕಟ್ಟಿದ್ದೆಲ್ಲ ಕುಸಿಯುತ್ತದೆ.

ಈಗ ಮಾತ್ರೆಯ ಪ್ರಶ್ನೆ. ಮಕ್ಕಳ ಆತಂಕದ ಚಿಕಿತ್ಸೆಯ ಬಗ್ಗೆ ನಾವು ಹೆಚ್ಚಾಗಿ ಆಧರಿಸುವ ಅಧ್ಯಯನ ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾಯಿತು. 7ರಿಂದ 17 ವರ್ಷದ 488 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿ 12 ವಾರ ನೋಡಿದರು. ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಥೆರಪಿ, ಅಂದರೆ ಸಿ.ಬಿ.ಟಿ. ಪಡೆದವರಲ್ಲಿ ಶೇ. 60, ಸರ್ಟ್ರಲೀನ್ ಪಡೆದವರಲ್ಲಿ ಶೇ. 55, ಎರಡನ್ನೂ ಪಡೆದವರಲ್ಲಿ ಶೇ. 81, ಔಷಧಿಯಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಶೇ. 24 ಮಕ್ಕಳು ಚೆನ್ನಾಗಿ ಸುಧಾರಿಸಿದರು. ಇದನ್ನು ಓದುವಾಗ ಒಂದೆರಡು ಸಂಗತಿಗಳನ್ನು ಗಮನಿಸಬೇಕು. ನೂರರಲ್ಲಿ ಇಪ್ಪತ್ತನಾಲ್ಕು ಮಕ್ಕಳು, ಯಾರೋ ನಿಯಮಿತವಾಗಿ ಕಂಡು ವಿಚಾರಿಸಿದ್ದರಿಂದಲೂ ದಿನ ಕಳೆದದ್ದರಿಂದಲೂ ಸುಧಾರಿಸಿದರು, ಹಾಗಾಗಿ ಮಾತ್ರೆಯ ಸ್ವಂತ ಕೊಡುಗೆ ನೂರಕ್ಕೆ ಸುಮಾರು ಮೂವತ್ತು. ಎರಡನ್ನೂ ಕೊಟ್ಟರೂ ನೂರರಲ್ಲಿ ಹತ್ತೊಂಬತ್ತು ಮಕ್ಕಳಿಗೆ ಅಷ್ಟು ಸುಧಾರಣೆ ಆಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆತಂಕದಿಂದ ಶಾಲೆಗೆ ಹೋಗಲು ನಿರಾಕರಿಸುತ್ತಿದ್ದ ಮಕ್ಕಳನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಅಂದರೆ ನಿಮ್ಮ ಮಗಳಂಥವರು ಆ 488 ಮಕ್ಕಳಲ್ಲಿ ಇಲ್ಲ. ಅಂಕಿಗಳನ್ನು ಅವಳಿಗೆ ಅನ್ವಯಿಸುವಾಗ ಈ ಎಚ್ಚರ ನಮಗೆ ಬೇಕು. ಸಂಶೋಧನೆಯ ಹೆಸರು ಹೇಳಿ ಖಚಿತ ಭರವಸೆ ಕೊಡುವವರನ್ನು ನಾನು ಒಪ್ಪುವುದಿಲ್ಲ.

ಶಾಲೆ ಬಿಟ್ಟು ಕುಳಿತ ಮಕ್ಕಳ ಮೇಲೆಯೇ ನಡೆದ ಅಧ್ಯಯನಗಳು ಕಡಿಮೆ, ಸಣ್ಣವು. ಗೇಲ್ ಬರ್ನ್‌ಸ್ಟೀನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಒಂದರಲ್ಲಿ ಆತಂಕ ಮತ್ತು ಖಿನ್ನತೆ ಎರಡೂ ಇದ್ದ, ಶಾಲೆಗೆ ಹೋಗದ 63 ಹದಿಹರೆಯದವರಿದ್ದರು. ಎಲ್ಲರಿಗೂ ಎಂಟು ವಾರ ಥೆರಪಿ ಸಿಕ್ಕಿತು. ಅರ್ಧದಷ್ಟು ಮಂದಿಗೆ ಅದರ ಜೊತೆಗೆ ಇಮಿಪ್ರಮಿನ್ ಮಾತ್ರೆ, ಉಳಿದವರಿಗೆ ಹುಸಿಮಾತ್ರೆ. ಕೊನೆಯಲ್ಲಿ ಮಾತ್ರೆ ಪಡೆದವರ ಹಾಜರಿ ಶೇ. 70ರಷ್ಟಿದ್ದರೆ ಇನ್ನೊಂದು ಗುಂಪಿನದು ಶೇ. 28ರಷ್ಟಿತ್ತು. ಹೃದಯದ ಮೇಲಿನ ಪರಿಣಾಮದ ಕಾರಣ ಇಮಿಪ್ರಮಿನ್ ಅನ್ನು ಈಗ ಮಕ್ಕಳ ಆತಂಕಕ್ಕೆ ಮೊದಲ ಆಯ್ಕೆಯಾಗಿ ಬಳಸುವುದಿಲ್ಲ. ಆದರೂ ಕಾಯಿಲೆ ಗಟ್ಟಿಯಾಗಿ ಕುಳಿತಾಗ ಥೆರಪಿಯೊಂದೇ ಸಾಲದೆ ಹೋಗಬಹುದು, ಎರಡೂ ಸೇರಿದರೆ ಮಗು ಶಾಲೆಯ ಮೆಟ್ಟಿಲು ಹತ್ತುವುದು ಸುಲಭವಾಗಬಹುದು ಎಂಬ ಸುಳಿವನ್ನು ಅದು ಕೊಡುತ್ತದೆ.

ಅಪಾಯದ ಬಗ್ಗೆಯೂ ನೇರವಾಗಿ ಹೇಳುತ್ತೇನೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ, ಸರ್ಟ್ರಲೀನ್ ಸೇರಿದ ಖಿನ್ನತೆ ನಿವಾರಕ ವರ್ಗದ ಮಾತ್ರೆಗಳ ಮಾಹಿತಿಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಮಕ್ಕಳು ಮತ್ತು ಹದಿಹರೆಯದವರ 24 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಆತ್ಮಹತ್ಯೆಯ ಯೋಚನೆ ಅಥವಾ ಅಂಥ ವರ್ತನೆ ಹುಸಿಮಾತ್ರೆ ಪಡೆದವರಲ್ಲಿ ಶೇ. 2ರಷ್ಟು, ಔಷಧಿ ಪಡೆದವರಲ್ಲಿ ಶೇ. 4ರಷ್ಟು ಕಂಡುಬಂದಿತ್ತು. ಆ ಅಧ್ಯಯನಗಳಲ್ಲಿ ಆತ್ಮಹತ್ಯೆಯಿಂದ ಒಂದೂ ಸಾವು ಸಂಭವಿಸಿರಲಿಲ್ಲ. 2008ರ ಅಧ್ಯಯನದಲ್ಲಿ ಸರ್ಟ್ರಲೀನ್ ಪಡೆದ ಮಕ್ಕಳಲ್ಲಿ ಇಂಥ ಯೋಚನೆಗಳು ಹುಸಿಮಾತ್ರೆ ಪಡೆದವರಿಗಿಂತ ಹೆಚ್ಚಿರಲಿಲ್ಲ, ಯಾವ ಮಗುವೂ ಆತ್ಮಹತ್ಯೆಗೆ ಯತ್ನಿಸಲಿಲ್ಲ. ಹಾಗಾಗಿ ಹೆದರಿ ಮಾತ್ರೆಯನ್ನು ದೂರವಿಡುವುದು ಬೇಡ, ಆದರೆ ಮೊದಲ ಕೆಲವು ವಾರ ಹತ್ತಿರದಿಂದ ನೋಡಿಕೊಳ್ಳಬೇಕು. ಮಗು ಒಂದೆಡೆ ಕೂರಲಾರದಷ್ಟು ಚಡಪಡಿಸಿದರೆ, ನಿದ್ದೆ ತೀರಾ ಕಡಿಮೆಯಾದರೆ, ವಿಪರೀತ ಸಿಡಿಮಿಡಿ ಅಥವಾ ಅತಿಯಾದ ಉತ್ಸಾಹ ಕಂಡರೆ ಮುಂದಿನ ಭೇಟಿಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ಕುಟುಂಬದಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ) ಇದ್ದರೆ ಮಾತ್ರೆ ಶುರು ಮಾಡುವ ಮೊದಲೇ ಹೇಳಿ. ಈ ಮಾತ್ರೆ ಮೊದಲ ವಾರ ಸ್ವಲ್ಪ ಹೊಟ್ಟೆ ತೊಳಸುವಂತೆ ಮಾಡಬಹುದು. ನಿಮ್ಮ ಮಗಳ ದೂರೇ ಹೊಟ್ಟೆಯದಾದ್ದರಿಂದ ಇದನ್ನು ಅವಳಿಗೆ ಮೊದಲೇ ತಿಳಿಸಿ, ಊಟವಾದ ಮೇಲೆ ಕೊಡಿ, ಇಲ್ಲವಾದರೆ ಮೂರನೆಯ ದಿನಕ್ಕೇ ಮಾತ್ರೆ ನಿಂತುಹೋಗುತ್ತದೆ.

ಮಾತ್ರೆ ಚಟವಾದೀತೆಂದು ಅನೇಕ ಹೆತ್ತವರು ಹೆದರುತ್ತಾರೆ. ಆ ಹೆದರಿಕೆ ಬಂದದ್ದು ಬೇರೊಂದು ವರ್ಗದ ಔಷಧಿಗಳಿಂದ. ಆಲ್ಪ್ರಜೋಲಾಮ್‌ನಂಥ ಶಾಮಕಗಳು ಕೂಡಲೇ ಹಿತವೆನಿಸಿ ಅಭ್ಯಾಸವಾಗಬಲ್ಲವು. ಸರ್ಟ್ರಲೀನ್ ಅಂಥದ್ದಲ್ಲ, ಅದರ ಫಲ ಕಾಣಲು ಹಲವು ವಾರ ಬೇಕು. 25 ಮಿಲಿಗ್ರಾಂ ಆರಂಭದ ಪ್ರಮಾಣ, ಮುಂದೆ ಅದನ್ನು ಹೆಚ್ಚಿಸಬಹುದು, ಅದರಿಂದ ಗಾಬರಿಯಾಗಬೇಡಿ. ಆದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ತಲೆಸುತ್ತು, ಕಿರಿಕಿರಿ ಬರಬಹುದು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಕೇರಳ–ಕರ್ನಾಟಕ ನಡುವಿನ ತಲಪಾಡಿಯ ಗಡಿ ಮುಚ್ಚಿ ಇಲ್ಲಿನ ರೋಗಿಗಳಿಗೆ ಮಂಗಳೂರಿನ ದಾರಿ ಕಡಿದುಹೋದ ದಿನಗಳನ್ನು ನೆನಪಿಸಿಕೊಳ್ಳಿ. ಆ ಕಾರಣಕ್ಕೆ ಗಡಿಯ ಈಚೆಗೂ ಒಬ್ಬ ವೈದ್ಯರ ಪರಿಚಯವಿರಲಿ, ಚೀಟಿಯ ಪ್ರತಿ ನಿಮ್ಮ ಬಳಿ ಇರಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಯಾವ ದಿನ ನಿಮ್ಮ ಹತ್ತಿರ ನಡೆಯುತ್ತದೆಂದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಕೋಯಿಕ್ಕೋಡಿನ ಮಾನಸಿಕ ಆರೋಗ್ಯ ಸಂಸ್ಥೆಯೂ ಬೆಂಗಳೂರಿನ ನಿಮ್ಹಾನ್ಸ್ ಕೂಡ ಇವೆ, ಆದರೆ ಪ್ರತಿ ವಾರ ಕಾಣಬೇಕಾದ ಚಿಕಿತ್ಸೆಗೆ ಅಷ್ಟು ದೂರ ಈಗ ಅಗತ್ಯವಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಐದು ವಾರ ಪೂರ್ತಿ ಶಾಲೆ ತಪ್ಪಿದ, ಮಾತನಾಡಲೂ ಹಿಂಜರಿಯುವ ಈ ಮಗುವಿಗೆ ನಿಮ್ಮ ವೈದ್ಯರ ಸಲಹೆಯಂತೆ ಎರಡನ್ನೂ ಒಟ್ಟಿಗೆ ಆರಂಭಿಸುವುದು ಸರಿ. ಮಾತ್ರೆ ಕೊಟ್ಟು ಶಾಲೆಯ ಕಡೆ ಹೆಜ್ಜೆಯಿಡದೆ ಇರುವುದು ಮಾತ್ರ ಬೇಡ. ಮಾತ್ರೆಯ ಕೆಲಸ ಹೆಜ್ಜೆಯಿಡಲು ಆಗುವಷ್ಟು ಭಯವನ್ನು ತಗ್ಗಿಸುವುದು, ಹೆಜ್ಜೆಯನ್ನು ಅವಳೇ ಇಡಬೇಕು.

ಇದರ ನಡುವೆ ಎರಡು ವಿಷಯಗಳನ್ನು ನೀವು ಕೇಳಲೇಬೇಕು. ಬಸ್ಸಿನಲ್ಲಿ, ದಾರಿಯಲ್ಲಿ ಅಥವಾ ಶಾಲೆಯಲ್ಲಿ ಯಾರಾದರೂ ಮೈಮುಟ್ಟಿದ್ದು, ಬೆದರಿಸಿದ್ದು, ಫೋನಿನಲ್ಲಿ ಪೀಡಿಸಿದ್ದು ಇದೆಯೇ ಎಂದು ಮೆಲ್ಲಗೆ ಕೇಳಿ. ಅಂಥದ್ದೇನಾದರೂ ಇದ್ದರೆ ಶಾಲೆಗೆ ಕಳುಹಿಸುವ ಈ ಕ್ರಮವನ್ನೆಲ್ಲ ನಿಲ್ಲಿಸಿ ಮೊದಲು ಅವಳ ರಕ್ಷಣೆ ನೋಡಬೇಕು. ಮಕ್ಕಳ ಸಹಾಯವಾಣಿ 1098. ಇನ್ನೊಂದು, ಬದುಕೇ ಬೇಡ ಎನಿಸುತ್ತದೆಯೇ ಎಂಬ ಪ್ರಶ್ನೆ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತೆ ಆಗುತ್ತದೆ ಎಂದು ಹೆತ್ತವರು ಅಂಜುತ್ತಾರೆ. ಮೆಡೆಲಿನ್ ಗೌಲ್ಡ್ ಮತ್ತು ಸಂಗಡಿಗರು ನ್ಯೂಯಾರ್ಕಿನ 2,342 ಹೈಸ್ಕೂಲ್ ವಿದ್ಯಾರ್ಥಿಗಳಲ್ಲಿ ಇದನ್ನೇ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು: ಆ ಪ್ರಶ್ನೆಯನ್ನು ಎದುರಿಸಿದ ಮಕ್ಕಳಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಲಿಲ್ಲ. ಆದ್ದರಿಂದ ಕೇಳಿ. ಉತ್ತರ ಹೌದೆಂದಾದರೆ ಅದೇ ದಿನ ವೈದ್ಯರನ್ನು ಕಾಣಿ, ಅವಳನ್ನು ಒಂಟಿಯಾಗಿ ಬಿಡಬೇಡಿ, ತೋಟಕ್ಕೆ ತಂದ ಕೀಟನಾಶಕ ಮತ್ತು ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಬೀಗದೊಳಗಿಡಿ. ರಾತ್ರಿ ಹೊತ್ತಿನಲ್ಲೂ 14416 ಸಂಖ್ಯೆಯ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿ ಮಾತನಾಡುವ ಅವಕಾಶವಿದೆ.

ಆರರಿಂದ ಎಂಟು ವಾರಗಳಲ್ಲಿ ಹಾಜರಿಯಲ್ಲಿ ಸ್ಪಷ್ಟ ಬದಲಾವಣೆ ಕಾಣದಿದ್ದರೆ ಅದೇ ಚಿಕಿತ್ಸೆಯನ್ನು ಎಳೆಯುತ್ತಾ ಹೋಗುವ ಬದಲು, ಖಿನ್ನತೆ ಸೇರಿಕೊಂಡಿದೆಯೇ, ಮಾತ್ರೆಯ ಪ್ರಮಾಣ ಸಾಲದೇ, ಮೆಟ್ಟಿಲುಗಳು ತೀರಾ ಎತ್ತರವಾದವೇ ಎಂದು ವೈದ್ಯರೊಂದಿಗೆ ಮರುಪರಿಶೀಲಿಸಿ. ಸುಧಾರಿಸಿದರೂ ಡಿಸೆಂಬರ್‌ನ ಕ್ರಿಸ್ಮಸ್ ರಜೆಯ ನಂತರದ ಮೊದಲ ದಿನ ನೋವು ಮತ್ತೆ ಬರುವ ಸಂಭವ ಹೆಚ್ಚು, ಏಕೆಂದರೆ ರಜೆಯೂ ಭಯದ ಕಣ್ಣಿಗೆ ಶಾಲೆ ತಪ್ಪಿಸಿದ ಹಾಗೆಯೇ ಕಾಣುತ್ತದೆ. ಆ ರಜೆಯಲ್ಲಿ ಒಂದೆರಡು ಬಾರಿ ಶಾಲೆಯ ಕಡೆ ಹೋಗಿಬನ್ನಿ, ಗೆಳತಿಯನ್ನು ಮನೆಗೆ ಕರೆಯಿರಿ, ಮತ್ತು ಶಾಲೆ ತೆರೆಯುವ ದಿನ ಏನೇ ಆದರೂ ಮೊದಲ ಪಿರಿಯಡ್‌ಗೆ ಅವಳು ಅಲ್ಲಿರುವಂತೆ ನೋಡಿಕೊಳ್ಳಿ. ಮಾತ್ರೆಯನ್ನು ಸಾಮಾನ್ಯವಾಗಿ ಗುಣ ಕಂಡ ಮೇಲೂ ಆರರಿಂದ ಹನ್ನೆರಡು ತಿಂಗಳು ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತೇವೆ. ಏಪ್ರಿಲ್–ಮೇ ರಜೆಯಲ್ಲಿ ಶಾಲೆಯೇ ಇಲ್ಲದ್ದರಿಂದ ಆಗ ನಿಲ್ಲಿಸಿದರೆ ಎಲ್ಲ ಸರಿಯಾದಂತೆ ಭಾಸವಾಗಿ, ಜೂನ್‌ನಲ್ಲಿ ತೊಂದರೆ ಮರುಕಳಿಸಬಹುದು. ಒಂಬತ್ತನೆಯ ತರಗತಿಯ ಓಣಂ ಪರೀಕ್ಷೆ ಮುಗಿದು, ಹಾಜರಿ ನೆಲೆ ನಿಂತ ಮೇಲೆ ಆ ವಿಚಾರವನ್ನು ಎತ್ತುವಂತೆ ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ.